ಕೊಳವೆಯ ಅಳು ಹುಡುಕಿದ ಕಿವಿ

ವೇಗದ ಕಾರುಗಳಿಗೆ ಟರ್ಬೊ ಕೂರಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯನ್ನು ಆ ಟರ್ಬೊದ ಬಾಯಿಗೆ ಒಯ್ಯುವ ಕೊಳವೆಗಳ ಗೊಂಚಲನ್ನು, ಅಂದರೆ ನಮ್ಮ ಕಸುಬಿನಲ್ಲಿ ಹೆಡರ್ ಎನ್ನಿಸಿಕೊಳ್ಳುವುದನ್ನು, ಒಂದೊಂದು ಕಾರಿನ ಹೊಟ್ಟೆಯೊಳಗಿನ ಜಾಗ ನೋಡಿ ಕೈಯಾರೆ ಕತ್ತರಿಸಿ, ಹೊಂದಿಸಿ, ಬೆಸೆದು ಕೊಡಬಲ್ಲವರು ವಿರಳ. ಆ ವಿರಳರಲ್ಲಿ ಹಿರಿಯರು, ಇಡೀ ವರ್ಕ್‌ಶಾಪು ಪ್ರೀತಿಯಿಂದಲೂ ಸ್ವಲ್ಪ ತುಂಟತನದಿಂದಲೂ ‘ಕೊಳವೆ ಮೇಷ್ಟ್ರು’ ಎಂದು ಕರೆಯುವ ನಮ್ಮ ಹಿರಿಯ ವೆಲ್ಡರು, ಈಗ ನಿವೃತ್ತರಾಗುತ್ತಿದ್ದಾರೆ. ಅವರಿಗಾಗಿ ಹೊರತರುತ್ತಿರುವ ಈ ಅಭಿನಂದನ ಗ್ರಂಥದ ಸಂಪಾದಕರು ಸಂತೋಷದ ಪ್ರಸಂಗಗಳನ್ನೇ ಬರೆದುಕೊಡಿ ಎಂದು ಕೇಳಿದ್ದಾರೆ. ಅವರ ಮಾತು ನಡೆಸಿಕೊಡುವುದು ನನ್ನಿಂದಾಗದು. ವೇದಿಕೆಯ ಮೇಲೆ ಆಡುವ ಹೊಗಳಿಕೆ ಮೇಷ್ಟ್ರ ಕಿವಿಗೆ ನೆಟ್ಟಗೆ ಬೀಳುವುದಿಲ್ಲ. ಬರೆದದ್ದಾದರೂ ತಲುಪೀತು ಎಂಬ ಆಸೆಯಿಂದ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಎಂಜಿನ್ ಟ್ಯೂನ್ ಮಾಡುವ ಕೆಲಸಕ್ಕೆ ನಾನು ಸೇರಿದ ದಿನ, ಬಂದವರೆಲ್ಲ ನನ್ನನ್ನು ರಸೀದಿ ಬರೆಯಲು ಬಂದವಳೆಂದೇ ತಿಳಿದು ಮಾತನಾಡಿಸಿ ಹೋದರು. ಮೇಷ್ಟ್ರು ಮಾತ್ರ ನನ್ನ ಕೈ ನೋಡಿದರು. ಮಾರನೆಯ ದಿನ ನನ್ನ ಮೇಜಿನ ಮೇಲೆ ಒಂದು ಜೊತೆ ಚರ್ಮದ ಕೈಗವಸು ಇತ್ತು. ದೊಡ್ಡ ಗವಸನ್ನು ಬಿಚ್ಚಿ, ಬೆರಳುಗಳನ್ನು ಗಿಡ್ಡ ಮಾಡಿ, ದಪ್ಪ ನೂಲಿನಲ್ಲಿ ಮತ್ತೆ ಹೊಲಿದಿದ್ದರು. ಹೊಲಿಗೆ ಸೊಟ್ಟಗಿತ್ತು. “ಬೆಸುಗೆ ಆಗಿದ್ರೆ ನೆಟ್ಟಗೆ ಹಾಕ್ತಿದ್ದೆ,” ಎಂದು ಅವರೇ ನಕ್ಕರು.

ಅವರ ಕೆಲಸದ ರೀತಿಯನ್ನು ಇಲ್ಲಿ ಹೇಳಲೇಬೇಕು. ಹೆಡರಿನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಎಂಜಿನ್ ಓಡುವಾಗ ಅಲ್ಲಿಂದ ಹೊಗೆ ನುಸುಳಿ ಸಣ್ಣಗೆ ಕುಯ್ಯೆನ್ನುತ್ತದೆ. ಮಿಕ್ಕವರು ಅದನ್ನು ಲೀಕ್ ಎನ್ನುತ್ತಾರೆ. ಮೇಷ್ಟ್ರ ಬಾಯಲ್ಲಿ ಅದು ‘ಅಳು’. ಕಾರಿನ ಬಾನೆಟ್ ಎತ್ತಿಸಿ, ಎಂಜಿನ್ ಶುರು ಮಾಡಿಸಿ, ಮಾರು ದೂರದಲ್ಲಿ ಕಣ್ಣು ಮುಚ್ಚಿ ನಿಲ್ಲುವರು. “ಅಳ್ತಿದೆ,” ಎಂದರೆ ಮುಗಿಯಿತು. ಹೆಡರ್ ಬಿಚ್ಚಬೇಕು, ಗ್ರೈಂಡರಿನಲ್ಲಿ ಆ ಬೆಸುಗೆ ಕೊಯ್ಯಬೇಕು, ಹೊಸದಾಗಿ ಬೆಸೆಯಬೇಕು. ಬಿಚ್ಚಿ ನೋಡಿದಾಗಲೆಲ್ಲ ಬಿರುಕು ಅವರು ತೋರಿಸಿದ ಕಡೆಯೇ ಇರುತ್ತಿತ್ತು. ವರ್ಕ್‌ಶಾಪಿನ ಯಜಮಾನರು ಕಿವಿಗೆ ಹಾಕಿಕೊಳ್ಳಿರೆಂದು ಸದ್ದು ತಡೆಯುವ ಮುಚ್ಚಳಗಳನ್ನು ತಂದುಕೊಟ್ಟರೆ ಅವನ್ನು ಗೂಟಕ್ಕೆ ನೇತುಹಾಕಿ, “ಕಿವಿ ಮುಚ್ಕೊಂಡ್ರೆ ಅಳೋದು ಹೆಂಗ್ ಕೇಳ್ಸುತ್ತೆ ಯಜಮಾನ್ರೇ?” ಎಂದರು. ಅವು ಈಗಲೂ ಅಲ್ಲೇ ನೇತಾಡುತ್ತಿವೆ. ಅವನ್ನು ಕಂಡಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ.

ಆ ಕಿವಿಯ ಉಪಕಾರ ನನ್ನ ಮನೆಗೂ ಸಂದಿದೆ. ನನ್ನ ತಾಯಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ನೋಡಲು ಬಂದ ಮೇಷ್ಟ್ರು, ಮಾತಿನ ನಡುವೆ ಸುಮ್ಮನಾಗಿ ಮಂಚದ ಕೆಳಗೆ ಬಗ್ಗಿದರು. ಅಮ್ಮ ಮಗ್ಗುಲಾದಾಗಲೆಲ್ಲ ಗಾಲಿಯೊಂದು ಕಿರುಗುಟ್ಟುತ್ತಿತ್ತಂತೆ. ನಮಗಾರಿಗೂ ಅದು ಕಿವಿಗೆ ಬಿದ್ದಿರಲಿಲ್ಲ. ಮರುದಿನ ಎಣ್ಣೆ ಡಬ್ಬಿ ತಂದು ನಾಲ್ಕೂ ಗಾಲಿಗೆ ಬಿಟ್ಟು ಹೋದರು. ಉಳಿದ ದಿನಗಳನ್ನು ಅಮ್ಮ ಆ ಮಂಚದಲ್ಲಿ ಸದ್ದಿಲ್ಲದೆ ಕಳೆದಳು.

ಹೀಗಿರುವಾಗ ಕಳೆದ ವರ್ಷ ಕೆಂಪು ಕಾರೊಂದರ ಹೆಡರ್ ಅವರ ಕೈಗೆ ಬಂತು. ಕೆಲಸ ಅಚ್ಚುಕಟ್ಟಾಗಿತ್ತು. ಆದರೆ ಮೇಷ್ಟ್ರು ಕಣ್ಣು ಮುಚ್ಚಿ ನಿಂತು, “ಅಳ್ತಿದೆ,” ಎಂದರು. ನಮಗೆ ಕೇಳಿಸಲಿಲ್ಲ, ಆದರೆ ಅವರಿಗೆ ಕೇಳಿಸುವುದು ನಮಗೆ ಎಂದು ತಾನೇ ಕೇಳಿಸಿತ್ತು? ಕೊಯ್ದರು, ಬೆಸೆದರು. ಮತ್ತೆ ಅಳು. ಮತ್ತೆ ಕೊಯ್ದರು. ಬೇರೆ ಹೆಡರುಗಳಲ್ಲೂ ಹೀಗೆಯೇ ಆಗತೊಡಗಿ, ಚೆನ್ನಾಗಿದ್ದ ಕೊಳವೆಗಳೆಲ್ಲ ತೇಪೆ ಬಟ್ಟೆಯಂತಾದವು. ಮೇಷ್ಟ್ರು ಊಟ ಬಿಟ್ಟರು. ತಮ್ಮ ಕೈಯೇ ಕೆಟ್ಟಿತೆಂದು ಕೊರಗಿದರು. ಗೌರವಕ್ಕೆ ಕಟ್ಟುಬಿದ್ದು ನಾವೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದೆವು.

ಒಂದು ಮಧ್ಯಾಹ್ನ ಅದೇ ಕೆಂಪು ಕಾರಿನಲ್ಲಿ ಕೂತು ಎಂಜಿನ್ ಓಡಿಸುತ್ತಿದ್ದವಳಿಗೆ ಏನು ತೋಚಿತೋ, ಅವರು ಕಣ್ಣು ಮುಚ್ಚಿ ನಿಂತಿದ್ದಾಗಲೇ ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದೆ. ಹತ್ತಿರ ಹೋಗಿ, ಜೋರಾಗಿ ಕೇಳಿದೆ: “ಈಗ ಮೇಷ್ಟ್ರೇ?”

“ಈಗ್ಲೂ ಅಳ್ತಿದೆ. ಈಗ ಇನ್ನೂ ಚೆನ್ನಾಗಿ ಕೇಳ್ತಿದೆ.”

“ಎಂಜಿನ್ ಆಫ್ ಆಗಿದೆ ಮೇಷ್ಟ್ರೇ.”

ಅವರು ಕಣ್ಣು ಬಿಟ್ಟರು. ನಂಬದೆ ಬಂದು ಕಾರಿನ ಮಡ್‌ಗಾರ್ಡಿನ ಮೇಲೆ ಅಂಗೈ ಊರಿದರು. ಅದು ನಡುಗುತ್ತಿರಲಿಲ್ಲ. ಆ ದಿನದಷ್ಟು ಸಂಕಟ ನನಗೆ ಅಮ್ಮ ಹೋದ ದಿನವೂ ಆಗಿರಲಿಲ್ಲ.

ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ವರ್ಷಗಟ್ಟಲೆ ಸದ್ದಿನಲ್ಲಿ ನಿಂತು ಕಿವಿ ಸವೆದಿದೆ, ಹೊರಗಿನ ಸದ್ದು ಇನ್ನು ನೆಟ್ಟಗೆ ಕೇಳಿಸದು, ಒಳಗಿನ ಈ ಕುಯ್ಗುಟ್ಟುವಿಕೆ ಹೋಗದು, ಒಗ್ಗಿಕೊಳ್ಳಬೇಕು ಎಂದರು. ಮೇಷ್ಟ್ರ ಹೆಂಡತಿ ನನ್ನ ಕೈ ಹಿಡಿದುಕೊಂಡು, “ಮನೇಲೂ ಇದೇ ಕಣಮ್ಮಾ. ನಲ್ಲಿ ಅಳ್ತಿದೆ, ಫ್ರಿಜ್ಜು ಅಳ್ತಿದೆ ಅಂತ ಬಿಚ್ಚಿ ಹಾಕೋರು. ನಾನು ಕೆಲಸದ ಗೀಳು ಅಂತ ಬೈದು ಸುಮ್ಮನಾಗ್ತಿದ್ದೆ,” ಎಂದು ಅತ್ತರು. ಯಜಮಾನರು ನಿವೃತ್ತಿಯ ಮಾತೆತ್ತಿದಾಗ ಮೇಷ್ಟ್ರು ಒಂದನ್ನೇ ಕೇಳಿಕೊಂಡರು: ಕೆಂಪು ಕಾರಿನ ಹೆಡರನ್ನು ಹೊಸ ಕೊಳವೆಯಲ್ಲಿ ಮಾಡಿ ಮುಗಿಸಿ ಹೋಗುತ್ತೇನೆ.

ಮುಗಿಸಿದರು. ಅಂಥ ಬೆಸುಗೆಯನ್ನು ನಾನು ಇನ್ನು ಕಾಣಲಾರೆ. ಕಾರು ಶುರು ಮಾಡಿದಾಗ ಅವರು ಈ ಸಲ ಕಣ್ಣು ಮುಚ್ಚಲಿಲ್ಲ; ನನ್ನ ಮುಖವನ್ನೇ ನೋಡುತ್ತ ನಿಂತರು. ನಾನು ಉಸಿರು ಬಿಗಿಹಿಡಿದು ಕೇಳಿದೆ, ಮತ್ತೊಮ್ಮೆ ಕೇಳಿದೆ. ಇಲ್ಲವೆಂದು ತಲೆಯಾಡಿಸಿದೆ.

“ಸಮಾಧಾನಕ್ಕೆ ಹೇಳ್ಬೇಡ.”

“ಇಲ್ಲ ಮೇಷ್ಟ್ರೇ. ಅಳ್ತಿಲ್ಲ.”

ಅವರು ಗ್ರೈಂಡರ್ ಎತ್ತಿಕೊಂಡರು. ಮತ್ತೆ ಕೊಯ್ಯುತ್ತಾರೆಂದೇ ನಾವೆಲ್ಲ ಅಂದುಕೊಂಡೆವು. ಆದರೆ ಅವರು ಪ್ಲಗ್ ಕಿತ್ತು, ವಯರನ್ನು ಅದಕ್ಕೇ ನೀಟಾಗಿ ಸುತ್ತಿ ನನ್ನ ಕೈಗಿಟ್ಟರು. “ನನಗೆ ಅಳ್ತಾನೇ ಇದೆ ಕಣಮ್ಮಾ. ಆದ್ರೆ ಈಗ ನಿನ್ನ ಕಿವಿಮಾತು ಕೇಳ್ತೀನಿ. ಕಾರು ಕಳ್ಸು,” ಎಂದರು.

ಪೂಜ್ಯರಾದ ಮೇಷ್ಟ್ರು ಆಯುರಾರೋಗ್ಯದಿಂದ ಬಹುಕಾಲ ಬಾಳಲಿ, ಅವರ ಕೈ ಬೆಸೆಯುತ್ತಲೇ ಇರಲಿ ಎಂದು ಎಲ್ಲರ ಪರವಾಗಿ ಹಾರೈಸುತ್ತೇನೆ. ಇನ್ನುಳಿದದ್ದು ನನ್ನ ಸ್ವಂತದ್ದು. ಮೇಷ್ಟ್ರೇ, ನಿಮ್ಮ ಕಿವಿಯೊಳಗಿನ ಅಳು ನಿಲ್ಲಿಸುವುದು ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ಆದರೂ ವರ್ಕ್‌ಶಾಪಿಗೆ ಬನ್ನಿ. ಬಾನೆಟ್ ಎತ್ತಿದಾಗ ಮಾರು ದೂರದಲ್ಲಿ ನಿಂತು ನನ್ನ ಮುಖ ನೋಡಿ. ಅಳುತ್ತಿದ್ದರೆ, ಅಳ್ತಿದೆ ಅಂತಲೇ ಹೇಳುತ್ತೇನೆ.