ಒಂಬತ್ತು ತಾಸು ಎಂದು ಹೇಳಿದ್ದೆ

ಜೂನ್ 2, ಬೆಳಿಗ್ಗೆ 7 ಗಂಟೆ 10 ನಿಮಿಷ. ಶಹಾಪುರದ ಬಾಡಿಗೆ ಕೋಣೆಯಲ್ಲಿ ಕೂತು ಪತ್ರಿಕೆಗೆಂದು ಇದನ್ನು ಬರೆಯಲು ತೊಡಗಿದ್ದೇನೆ. ಏಪ್ರಿಲ್ 19ರಂದು ನಮ್ಮ ಕಾಕಾನ ಅಂಗಳದಲ್ಲಿ ಮೀನುಮರಿಗಳು ಸತ್ತವು. ನಾನು ಹೇಳಿದ ಒಂದು ಸಂಖ್ಯೆ ಅದಕ್ಕೆ ಕಾರಣ. ದಿನಚರಿಯಲ್ಲಿ ಆ ಪುಟಗಳಿವೆ. ಅವನ್ನು ನೋಡಿಕೊಂಡೇ ಬರೆಯುತ್ತಿದ್ದೇನೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಸುರಪುರದಿಂದ ಆಚೆ ಕೃಷ್ಣೆಯ ದಂಡೆಯ ಊರಲ್ಲಿ ಅವರ ಮನೆ. ಮೂವತ್ತು ವರ್ಷ ಹೊಳೆಯಲ್ಲಿ ಬಲೆ ಬೀಸಿದವರು. ಹೋದ ವರ್ಷದಿಂದ ಬಲ ಭುಜ ಮೇಲೆತ್ತಲು ಬರುತ್ತಿಲ್ಲ. ಅವರ ಮುಂದೆ ಎರಡು ದಾರಿಗಳಿದ್ದವು. ಅಂಗಳದಲ್ಲಿ ಹೊಂಡ ಮಾಡಿ ಮೀನುಮರಿ ಸಾಕಬೇಕು, ಇಲ್ಲವೇ ಸೈದಾಪುರದ ಹತ್ತಿರ ಕಡೇಚೂರಿನ ಕಾರ್ಖಾನೆಯಲ್ಲಿ ವಾಚ್‌ಮನ್ ಆಗಬೇಕು. ಕಾಕಾ ಹೊಂಡ ತೋಡಿಸಿದರು. ತಾಡಪತ್ರಿ ಹೊದಿಸಿ ನೀರು ತುಂಬಿದರು.

ಚಿಕ್ಕ ಹೊಂಡದಲ್ಲಿ ಸಾವಿರಕ್ಕೂ ಹೆಚ್ಚು ಮರಿ ಇದ್ದರೆ ನೀರಿಗೆ ಬಿಡದೆ ಗಾಳಿ ಊದುತ್ತಿರಬೇಕು. ಅದಕ್ಕೊಂದು ಗಾಳಿಪಂಪು ತಂದಿದ್ದರು. ಕರೆಂಟ್ ಹೋದಾಗ ಅದು ಬ್ಯಾಟರಿಯ ಮೇಲೆ ನಡೆಯಬೇಕು. ಆ ಸರ್ಕ್ಯೂಟ್ ಮಾಡಿಕೊಡುವುದು ನನ್ನ ಪಾಲಿಗೆ ಬಂತು. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಶಹಾಪುರದ ಒಂದು ಕಾಲೇಜಿನ ಲ್ಯಾಬಿನಲ್ಲಿ ಗುತ್ತಿಗೆ ಕೆಲಸದಲ್ಲಿದ್ದೇನೆ. ಮನೆತನದಲ್ಲಿ ತಂತಿ ಮುಟ್ಟಲು ಗೊತ್ತಿರುವವಳು ನಾನೊಬ್ಬಳೇ.

ಫೆಬ್ರವರಿ 11ರಿಂದ 16ರವರೆಗೆ, ಆರು ದಿನ, ಲ್ಯಾಬಿನ ಕಂಪ್ಯೂಟರಿನಲ್ಲಿ ಆ ಸರ್ಕ್ಯೂಟನ್ನು ಓಡಿಸಿ ನೋಡಿದೆ. ತಂತಿ, ಬೆಸುಗೆ ಏನೂ ಇಲ್ಲದೆ ತೆರೆಯ ಮೇಲೆಯೇ ಸರ್ಕ್ಯೂಟ್ ಬರೆದು ನಡೆಸಿದರೆ, ಎಲ್ಲೆಲ್ಲಿ ಎಷ್ಟು ಕರೆಂಟ್ ಹರಿಯುತ್ತದೆ ಎಂದು ಗೆರೆ ಎಳೆದು ತೋರಿಸುವ ತಂತ್ರಾಂಶ ಅದು. ನನ್ನ ಸರ್ಕ್ಯೂಟ್ ಬ್ಯಾಟರಿಯ ಕರೆಂಟನ್ನು ಒಂದೇ ಸಮನೆ ಬಿಡದೆ, ಸೆಕೆಂಡಿಗೆ ಸಾವಿರಾರು ಸಲ ತುಂಡು ತುಂಡಾಗಿ ಬಿಡುತ್ತಿತ್ತು. ತೆರೆಯ ಮೇಲೆ ಕರೆಂಟಿನ ಗೆರೆ ಗೋಡೆಯ ಹಾಗೆ ನೇರ ಏರಿ, ಸ್ವಲ್ಪ ದೂರ ಸಪಾಟಾಗಿ ಹೋಗಿ, ಮತ್ತೆ ಕೆಳಗೆ ಬೀಳುತ್ತಿತ್ತು. ಬಿದ್ದ ಮೇಲೆ ಸೊನ್ನೆಯ ಹತ್ತಿರ ಸಣ್ಣಗೆ ನಡುಗುತ್ತಿತ್ತು.

ಬ್ಯಾಟರಿ ಎಷ್ಟು ತಾಸು ಬಾಳುತ್ತದೆ ಎಂದು ತಿಳಿಯಲು ಈ ಗೆರೆಯ ಸರಾಸರಿ ಬೇಕು. ಗೆರೆಯನ್ನು ಅಂಕಿಗಳ ಫೈಲಾಗಿ ಹೊರತೆಗೆದೆ. ಒಂದು ಕಾಲಮಿನಲ್ಲಿ ಸಮಯ, ಇನ್ನೊಂದರಲ್ಲಿ ಕರೆಂಟ್. ಒಟ್ಟು 41,216 ಸಾಲು. ಕರೆಂಟಿನ ಕಾಲಮಿಗೆ ಸರಾಸರಿ ಹಾಕಿದೆ, 2.9 ಆಂಪಿಯರ್ ಬಂತು. ಕಾಕಾ ತಂದಿಟ್ಟಿದ್ದ ಹಳೆಯ ಬ್ಯಾಟರಿಯಿಂದ 26 ಆಂಪಿಯರ್-ತಾಸು ಸಿಗಬಹುದು ಎಂದು ಅಂದಾಜು ಮಾಡಿದ್ದನ್ನು ಅದರಿಂದ ಭಾಗಿಸಿದೆ. ಒಂಬತ್ತು ತಾಸು. ದಿನಚರಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಯಾದಗಿರಿಯಿಂದ ಬಿಡಿಭಾಗ ತಂದು ಬೆಸೆದು, ಫೆಬ್ರವರಿ 27ರಂದು ಕಾಕಾನ ಮನೆಯ ಗೋಡೆಗೆ ಕೂರಿಸಿದೆ. ಜೊತೆಗೆ ಒಂದು ಗೋಡೆ ಗಡಿಯಾರದ ಸೆಲ್ ತೆಗೆದು, ವೋಲ್ಟೇಜ್ ಇಳಿಸಿ ಅದನ್ನೂ ಪಂಪಿನ ತಂತಿಗೇ ಜೋಡಿಸಿದೆ. ಪಂಪು ನಿಂತರೆ ಗಡಿಯಾರವೂ ನಿಲ್ಲುತ್ತದೆ, ನಿಂತ ಹೊತ್ತು ಅದರಲ್ಲೇ ಉಳಿಯುತ್ತದೆ. ಕಾಕಾ ಕೈಕಟ್ಟಿ ನಿಂತು ನೋಡುತ್ತಿದ್ದರು.

"ಒಂಬತ್ತು ತಾಸು ಅಂತ ಯಾರ ಹೇಳ್ಯಾರವಾ ನಿನಗ?"

"ಗ್ರಾಫ್‌ನಾಗ ಬಂದದ ಕಾಕಾ."

"ನಿನ್ನ ಗೆರಿ ಮೀನಿಗಿ ಓದಾಕ ಬರ್ತದೇನು? ಒಂದಿನ ಪೂರಾ ನಡಿಸಿ ನೋಡೂಣು ತಗೋ. ನಿಂತಾಗ ನಿಲ್ಲಲಿ."

"ಪೂರ್ತಿ ಖಾಲಿ ಮಾಡಿದ್ರ ಬ್ಯಾಟರಿ ಹಾಳಾಗ್ತದ. ಎರಡು ತಾಸು ನೋಡಿದ್ರ ಸಾಕು."

"ಆತು ಬಿಡು. ಕಲ್ತಾಕಿ ನೀನು, ನಾ ಏನು, ಬಲಿ ಬೀಸಾಂವ."

ಎರಡು ತಾಸು ನಡೆಸಿದೆವು. ಪಂಪು ಗುಳುಗುಳು ಎನ್ನುತ್ತಲೇ ಇತ್ತು. ಮರುದಿನ ಕಾಕಾ 1,200 ಮರಿ ಬಿಟ್ಟರು. ಏಪ್ರಿಲ್ ನಡುವಿನವರೆಗೆ ಸತ್ತದ್ದು 27 ಮಾತ್ರ. ಕಾಕಾನ ಹೆಂಡತಿ, ನಮ್ಮ ಚಿಗವ್ವ, ದಿನವೂ ಫೋನಿನಲ್ಲಿ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ.

ಏಪ್ರಿಲ್ 18ರ ಸಂಜೆ ಕಾಕಾ ಫೋನ್ ಮಾಡಿದರು. ಮರುದಿನ ಲೈನ್ ರಿಪೇರಿ, ಬೆಳಿಗ್ಗೆ ಒಂಬತ್ತರಿಂದ ಐದರ ತನಕ ಕರೆಂಟ್ ಇರುವುದಿಲ್ಲ. ಭುಜ ತೋರಿಸಲು ಯಾದಗಿರಿಗೆ ಹೋಗುವುದೂ ಅದೇ ದಿನವಿತ್ತು.

"ನಿಮ್ಮ ಚಿಗವ್ವ ನಾ ಮನ್ಯಾಗ ಇರ್ತೀನಿ ಅಂತಾಳ. ಇಬ್ರೂ ಹೋಗೂಣೇನು, ಹೆಂಗ?"

"ಇಬ್ರೂ ಹೋಗ್ರಿ ಕಾಕಾ. ಎಂಟು ತಾಸಿಗಿ ಏನೂ ಆಗಂಗಿಲ್ಲ. ಒಂಬತ್ತು ನಡೀತದ."

"ಪಕ್ಕಾ?"

"ಪಕ್ಕಾ."

ಏಪ್ರಿಲ್ 19 ಕಾಲೇಜಿಗೆ ಅರ್ಧ ದಿನ. ನೋಡಿ ಬರೋಣವೆಂದು ಬಸ್ಸು ಹತ್ತಿದೆ. 3-40ಕ್ಕೆ ಅಂಗಳಕ್ಕೆ ಕಾಲಿಟ್ಟೆ. ಪಂಪಿನ ಸದ್ದು ಇರಲಿಲ್ಲ. ಹೊಂಡದ ನೀರು ಅಲುಗಾಡದೆ ನಿಂತಿತ್ತು. ಅದರ ಮೇಲೆ ಬೆರಳುದ್ದದ ಮರಿಗಳು ಬಿಳಿ ಹೊಟ್ಟೆ ಮೇಲೆ ಮಾಡಿ ಒಂದಕ್ಕೊಂದು ಒತ್ತಿಕೊಂಡಿದ್ದವು. ಬದುಕಿದ್ದ ಕೆಲವು ಅಂಚಿನಲ್ಲಿ ಬಾಯಿ ತೆರೆದು ಮುಚ್ಚುತ್ತಿದ್ದವು. ಗಡಿಯಾರ 2-05ಕ್ಕೆ ನಿಂತಿತ್ತು. ಒಂಬತ್ತರಿಂದ ಐದು ತಾಸು ಐದು ನಿಮಿಷ.

ಬಕೆಟಿನಲ್ಲಿ ನೀರು ಮೊಗೆದು ಮೇಲಿಂದ ಸುರಿದೆ. ಎಷ್ಟು ಸಲ ಎಂದು ಎಣಿಸಲಿಲ್ಲ. ದಿನಚರಿಯಲ್ಲಿ ಆ ಜಾಗ ಖಾಲಿ ಇದೆ.

ಐದೂವರೆಗೆ ಇಬ್ಬರೂ ಬಂದರು. ಕಾಕಾನ ಕೈಯಲ್ಲಿ ಎಕ್ಸ್‌ರೇಯ ದೊಡ್ಡ ಕವರಿತ್ತು. ಅವರು ಹೊಂಡದ ಹತ್ತಿರ ಬಂದು ನಿಂತರು, ಕವರನ್ನು ಕಟ್ಟೆಯ ಮೇಲಿಟ್ಟರು. ನಾನು ಸತ್ತವನ್ನು ಹತ್ತು ಹತ್ತರಂತೆ ಬುಟ್ಟಿಗೆ ಹಾಕುತ್ತಿದ್ದೆ. ತುಟಿ ಅಲುಗುತ್ತಿತ್ತೆಂದು ಕಾಣುತ್ತದೆ.

"ಎಣಿಸಬ್ಯಾಡವಾ" ಎಂದರು ಚಿಗವ್ವ. "ಇವನ್ನರ ಎಣಿಸಬ್ಯಾಡ."

ಆದರೂ ಎಣಿಸಿದೆ. ಸತ್ತದ್ದು 1,112. ಬದುಕಿದ್ದು 61. ಆ ಅರವತ್ತೊಂದನ್ನು ಚಿಗವ್ವ ಕೊಡದಲ್ಲಿ ಒಯ್ದು ಹೊಳೆಗೆ ಬಿಟ್ಟು ಬಂದರು.

ಕತ್ತಲಾಗುವ ಮುಂಚೆ ಕಾಕಾ ಬ್ಯಾಟರಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. "ಹಳೇ ಮಾಲು ಇದು. ಹೊಸಾದು ತರಬೇಕಿತ್ತು. ನಂದಽ ತಪ್ಪು" ಎಂದರು. ನಾನು ಸುಮ್ಮನಿದ್ದೆ. ಆಗ ನನಗೂ ಹಾಗೇ ಅನಿಸಿತ್ತು, ಹಾಗಾಗಿ ಆ ದಿನದ ಮೌನ ಸುಳ್ಳಲ್ಲ.

ಮರುದಿನ, ಏಪ್ರಿಲ್ 20ರಂದು, ಫೈಲನ್ನು ನಮ್ಮ ಲ್ಯಾಬಿನ ಹಿರಿಯ ಸರ್‌ಗೆ ತೋರಿಸಿದೆ. ಅವರು ಕರೆಂಟಿನ ಕಾಲಮ್ ನೋಡಲೇ ಇಲ್ಲ, ಸಮಯದ ಕಾಲಮಿನ ಮೇಲೆ ಬೆರಳಿಟ್ಟರು.

"ಈ ಸಾಲಿಂದ ಈ ಸಾಲಿಗಿ ಎಷ್ಟು ಹೊತ್ತು ಅದ?"

ಹೇಳಿದೆ.

"ಇದರಿಂದ ಇದಕ್ಕ?"

ಅದು ನೂರು ಪಟ್ಟು ಕಡಿಮೆ ಇತ್ತು.

ತಂತ್ರಾಂಶ ಸಮನಾದ ಅಂತರದಲ್ಲಿ ಸಾಲು ಬರೆಯುವುದಿಲ್ಲ. ಗೆರೆ ಸಪಾಟಾಗಿ ಹೋಗುವಲ್ಲಿ ಒಂದೆರಡು ಸಾಲು ಬರೆದು ಮುಂದೆ ಹೋಗುತ್ತದೆ. ನಡುಗುವಲ್ಲಿ ನಿಂತು ನೂರಾರು ಸಾಲು ಬರೆಯುತ್ತದೆ. ನನ್ನ ಗೆರೆ ನಡುಗಿದ್ದು ಕರೆಂಟ್ ಸೊನ್ನೆಯಾದ ಮೇಲೆ. ಆ ಸೊನ್ನೆಗಳೆಲ್ಲ ಗುಂಪುಗಟ್ಟಿ ಬಂದು ಸರಾಸರಿಯನ್ನು ಕೆಳಗೆ ಎಳೆದಿದ್ದವು. ಪ್ರತಿ ಸಾಲಿನ ಕರೆಂಟನ್ನು ಅದು ಹರಿದ ಹೊತ್ತಿನಿಂದ ಗುಣಿಸಿ ಕೂಡಿಸಬೇಕಿತ್ತು. ನಾನು ಸಾಲುಗಳನ್ನಷ್ಟೇ ಎಣಿಸಿದ್ದೆ.

"ಎಣಿಸೋದ್ರಾಗ ನೀ ಹುಷಾರ್ ಅದಿ, ಖರೆ" ಎಂದರು ಸರ್. "ಏನು ಎಣಿಸಾಕತ್ತೀನಿ ಅಂತ ಒಮ್ಮಿ ನೋಡ್ಕೋಬೇಕಲ್ಲ. ಗ್ರಾಫ್ ನೋಡಿದ್ದಿಲ್ಲೇನು?"

ನೋಡಿದ್ದೆ. ಎತ್ತರದ ಗೋಡೆಗಳು ತೆರೆಯ ಹತ್ತಿರ ಹತ್ತಿರ ಅರ್ಧ ಅಗಲವನ್ನು ತುಂಬಿದ್ದವು. ಗೋಡೆಯ ಎತ್ತರ ಒಂಬತ್ತು ಆಂಪಿಯರ್ ಇದ್ದರೆ ಸರಾಸರಿ ನಾಲ್ಕರ ಮೇಲೆ ಇರಲೇಬೇಕು ಎಂದು ಬರಿಗಣ್ಣಿಗೇ ಕಾಣುತ್ತಿತ್ತು. ಆರು ದಿನ ಅದರ ಮುಂದೆಯೇ ಕೂತಿದ್ದೆ. ಆದರೆ ನಂಬಿದ್ದು ಫೈಲನ್ನು. ಸರಿಯಾಗಿ ಮಾಡಿದಾಗ 4.4 ಬಂತು. ಐದು ತಾಸು ಐವತ್ತನಾಲ್ಕು ನಿಮಿಷ.

ಆ ಸಂಜೆಯೇ ಫೋನ್ ಮಾಡಿ ಹೇಳಬೇಕಿತ್ತು. ಮಾಡಲಿಲ್ಲ. 21ರಂದೂ ಮಾಡಲಿಲ್ಲ. 23ರಂದು ಕಾಕಾ ಆ ಬ್ಯಾಟರಿಯನ್ನು ಬೈಯುತ್ತಾ ಗುಜರಿಗೆ ಹಾಕಿದರು. ಮೇ 4ರಂದು ಒಂದು ಟ್ರಂಕು ತಗೊಂಡು ಕಡೇಚೂರಿಗೆ ಹೋದರು. ಅಲ್ಲಿ ನಾಲ್ಕು ಜನ ವಾಚ್‌ಮನ್‌ಗಳ ಜೊತೆ ಒಂದು ಕೋಣೆ. ಗೇಟಿನ ಕಂಬಿ ಎತ್ತುವುದು ಎಡಗೈಯಲ್ಲೇ ಅಂತೆ. ಚಿಗವ್ವ ಹೊಂಡದ ತಾಡಪತ್ರಿ ಬಿಚ್ಚಿ ಸೌದೆಗೆ ಹೊದಿಸಿದರು.

ನಾನು ಸುಮ್ಮನಿದ್ದ ದಿನಗಳು ನಲವತ್ತೊಂದು.

ಮೊನ್ನೆ, ಮೇ 31ರಂದು, ಕಾಕಾ ರಜೆಯ ಮೇಲೆ ಮನೆಗೆ ಬಂದಾಗ ಹೋಗಿ ಎಲ್ಲವನ್ನೂ ಹೇಳಿದೆ. ಗ್ರಾಫನ್ನು ಕಾಗದದ ಮೇಲೆ ಬಿಡಿಸಿ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

"ಹಂಗಾದ್ರ ಸುಮ್ನ ಬೈದ್ನಲ್ಲವಾ ಬ್ಯಾಟರಿಗಿ."

"ಪೂರಾ ಸುಮ್ನ ಅಲ್ಲ ಕಾಕಾ. ಆರು ತಾಸು ನಡೀಬೇಕಿತ್ತು. ಐದಕ್ಕ ನಿಂತದ."

"ಅಂದ್ರ ಐದರಿಂದ ಆರರ ತನ ಬ್ಯಾಟರಿದು. ಆರರಿಂದ ಒಂಬತ್ತರ ತನ ನಿಂದು."

"ಹೌದ್ರಿ."

ಚಿಗವ್ವ ಒಳಗಿಂದ, "ಹಿಸಾಬ ಸಾಕು, ಉಣ್ಣಾಕ ಬರ್ರಿ" ಎಂದರು. ಕಾಕಾ ಏಳಲಿಲ್ಲ.

"ಹೇಳಾಕ ಇಷ್ಟ ದಿನ ಬೇಕಾತೇನು? ಬ್ಯಾಟರಿ ಇದ್ದಾಗ ಹೇಳಿದ್ರ ಅದನ್ನ ಮತ್ತೊಮ್ಮಿ ನಡಿಸಿ ನೋಡಬಹುದಿತ್ತು." ದನಿ ಏರಿರಲಿಲ್ಲ. ಗ್ರಾಫಿನ ಕಾಗದ ಮಡಚುತ್ತಾ ಕೇಳಿದರು: "ಮತ್ತ ಮರಿ ಬಿಟ್ರ, ಹಳೇ ಬ್ಯಾಟರಿ ಮ್ಯಾಲ ಎಷ್ಟು ತಾಸು ಭರೋಸಾ ಇಡಬೇಕು? ಈ ಸಲ ಖರೆ ಹೇಳು."

ಗೊತ್ತಿಲ್ಲ ಎಂದೆ. ಕಾಕಾ ತಲೆಯಾಡಿಸಿ ಊಟಕ್ಕೆ ಎದ್ದರು. ಸಂಜೆಯ ಬಸ್ಸಿಗೆ ಹೊರಟುಹೋದರು.

ಮೂರು ತಾಸು ನನ್ನದೆಂದು ಗೊತ್ತಿದೆ. ಐದು ತಾಸು ಐವತ್ತನಾಲ್ಕು ನಿಮಿಷಕ್ಕೆ ಕಡಿಮೆ ಬಿದ್ದ ನಲವತ್ತೊಂಬತ್ತು ನಿಮಿಷ ಎಲ್ಲಿ ಹೋಯಿತೆಂದು ಗೊತ್ತಿಲ್ಲ. ಬ್ಯಾಟರಿಯ ಮುಪ್ಪಿಗೋ, ಏಪ್ರಿಲ್ ಬಿಸಿಲಿಗೋ, ಕರೆಂಟನ್ನು ತುಂಡು ತುಂಡಾಗಿ ಎಳೆದದ್ದಕ್ಕೋ? ಅಳೆದು ನೋಡಲು ಆ ಬ್ಯಾಟರಿ ಇಲ್ಲ. ಹಳೆಯ ಬ್ಯಾಟರಿಯ ಮೇಲೆ ಪಂಪು ನಡೆಸಿ, ಅದು ನಿಜವಾಗಿ ಎಷ್ಟು ಹೊತ್ತು ನಡೆಯಿತೆಂದು ಗಡಿಯಾರ ಹಿಡಿದು ನೋಡಿದವರು ಯಾರಾದರೂ ಇದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಸರಾಸರಿ ಬೇಡ. ಯಾವ ಹೊತ್ತಿಗೆ ಶುರುವಾಯಿತು, ಯಾವ ಹೊತ್ತಿಗೆ ನಿಂತಿತು, ಅಷ್ಟು ತಿಳಿಸಿದರೆ ಸಾಕು.