ಸಕ್ರವ್ವನ ಹುಳ, ಶೇಖವ್ವನ ಹುಳ

ಸಕ್ರವ್ವನ ಕಾಳಿಗೆ ಹುಳ ಹತ್ತೂದಿಲ್ಲ ಅಂತ ಇಳಕಲ್ಲಿನ ನಮ್ಮ ಓಣಿಯೊಳಗ ಒಂದು ಮಾತಿತ್ತು. ಆ ಮಾತನ್ನ ಎಲ್ಲಾರಕಿಂತ ಹೆಚ್ಚು ಆಡತಿದ್ದಾಕಿ ಸಕ್ರವ್ವನೇ.

ಆಕಿ ಗಂಡ ಅಮಸಿದ್ದಪ್ಪ ಸೀರಿ ನೇಯತಿದ್ದ, ಆಕಿ ಪಕ್ಕದಾಗ ಕೂತು ನೂಲಿನ ಕಂಡಿಕಿ ಸುತ್ತತಿದ್ದಳು. ಈಗ ಅವನ ಕಣ್ಣು ಮಂಜಾಗಿ ಮಗ್ಗ ನಿಂತೈತಿ. ಆಕಿ ಕೈ ಮಾತ್ರ ನಿಂತಿಲ್ಲ. ತೊಗರಿಗೆ ಔಡಲೆಣ್ಣಿ ಸವರೂದು, ಹೆಸರು ಬಿಸಲಿಗೆ ಹರವೂದು, ಅಲಸಂದಿಗೆ ಕುಳ್ಳಿನ ಬೂದಿ ಕಲಸಿ ಗಡಿಗಿ ಬಾಯಿಗೆ ಅರಿವಿ ಬಿಗಿದು ಕಟ್ಟೂದು. ನಾವೆಲ್ಲಾ ನಮ್ಮ ಕಾಳು ತಗೊಂಡು ಆಕಿ ಕಟ್ಟಿಗೆ ಹೋಗತಿದ್ವಿ. ಮೊರದಾಗ ತೂತು ಬಿದ್ದ ಕಾಳು ಒಂದು ಕಂಡರ ಸಾಕು, ಅದನ್ನ ಎರಡು ಬೆರಳಿಂದ ಎತ್ತಿ ಬೆಳಕಿಗೆ ಹಿಡದು, ತಂದಾಕಿ ಮಾರಿ ನೋಡತಿದ್ದಳು. ಬೈತಿರಲಿಲ್ಲ. ತೂತು ಕಾಳಿಗೆ ಬಿದ್ದಿಲ್ಲ, ಮನೆತನಕ್ಕ ಬಿದ್ದೈತಿ ಅನ್ನೂ ಹಂಗ ನೋಡತಿದ್ದಳು, ಅಷ್ಟ.

ಆಕಿ ಒಬ್ಬಾಕೀನ ಮಗಳು ಮಹಾನಂದಾನ್ನ ಕಲಾದಗಿಗೆ ಕೊಟ್ಟೈತಿ. ಬೀಗತಿ ಶೇಖವ್ವ ಕಾಳು ಕಡಿಯ ವಿಷಯದಾಗ ಸಕ್ರವ್ವನ ತೂಕದ ಹೆಣ್ಣಮಗಳು, ಬಾಯಿ ಒಂದು ಕೈ ಮ್ಯಾಲ. ಈ ವರ್ಷ ಮಹಾನಂದಾ ಚೊಚ್ಚಲ ಬಸರಿ ಆದಳು. ಕುಬಸದ ದಿನ ಸಕ್ರವ್ವ ಸೀರಿ, ಬುತ್ತಿ, ಕಾಯಿ, ಎಲ್ಲಾದರ ಜೋಡಿ ಒಂದು ಡಬ್ಬಿ ಅಲಸಂದಿನೂ ಒಯ್ದಳು. ನೋಡ್ರಿ, ಮಂಗಳ ಕಾರ್ಯಕ್ಕ ಒಯ್ಯೂ ಕಾಳಿಗೆ ಬೂದಿ ಹಚ್ಚಬಾರದು. ಬೂದಿ ಕಾಳು ತಂದಾಳ ಅಂದರ ಬೀಗರ ಮನ್ಯಾಗ ಮೊಮ್ಮಗ ಮದವಿ ಆಗೂ ತನಕ ಅಂತಾರ. ಅದಕ್ಕ ಆ ಒಂದು ಗಡಗ್ಯಾಗಿನ ಅಲಸಂದಿಗೆ ಬೂದಿ ಹಾಕದ, ಬರೇ ಬಿಸಲಿಗೆ ಒಣಗಿಸಿ ಇಟ್ಟಿದ್ದಳು. ಅರ್ಧ ಒಯ್ದಳು, ಅರ್ಧ ಮನ್ಯಾಗ ಉಳೀತು.

ಬಾಣಂತನಕ್ಕ ಮಗಳನ್ನ ಕರಿಯಾಕ ಹೊಂಟಾಗ ಕಲಾದಗಿಯಿಂದ ಫೋನ್ ಬಂತು. ಸಕ್ರವ್ವ ಯಾವಾಗಲೂ ಸ್ಪೀಕರ್ ಹಾಕಿ ಮಾತಾಡತಾಳ, ಹಿಂಗಾಗಿ ಓಣಿಗೆಲ್ಲಾ ಕೇಳಿಸ್ತು.

"ಬೀಗತಿ, ನಿಮ್ಮ ಅಲಸಂದ್ಯಾಗ ಹುಳ ಇದ್ದೂರಿ. ಡಬ್ಬಿ ಸುದ್ದಾ ತಿಪ್ಪಿಗೆ ಒಗದೆ. ಒಗಿಯೂದರಾಗ ಅವು ನಮ್ಮ ಹೆಸರು ಕಾಳಿಗೂ ಹತ್ಯಾವು. ಚೀಲಕ್ಕ ಚೀಲ ಹಾಳಾಗೇತಿ."

"ನಮ್ಮ ಮನ್ಯಾಗ ಹುಳ ಇಲ್ಲರಿ."

"ಹಂಗಾರ ನಾ ಸುಳ್ಳೇನು? ಬರ್ರಿ ಇಲ್ಲಿಗೆ. ನಾಕು ಮಂದಿ ಎದುರಿಗೆ, ಹುಳ ನಮ್ಮ ಮನೀದು ಅಂತ ಒಂದು ಮಾತು ಹೇಳ್ರಿ. ಆಮ್ಯಾಲೆ ಮಗಳನ್ನ ಕರಕೊಂಡು ಹೋಗ್ರಿ. ಇಲ್ಲಂದ್ರ ಬಾಣಂತನ ನಾವ ಮಾಡ್ತೇವಿ."

ಚೊಚ್ಚಲ ಬಾಣಂತನ ತವರು ಬಿಟ್ಟು ಅತ್ತಿ ಮನ್ಯಾಗ ಆದರ ತಾಯಿ ಮಾರಿ ಎಲ್ಲಿ ಇಡಬೇಕು? ಅಳಿಯ ವೀರೇಶ ಛಲೋ ಹುಡುಗ, ಖರೆ ಅವ್ವನ ಎದುರಿಗೆ ಅವನ ಬಾಯಿಗೆ ಬೀಗ ಬೀಳತೈತಿ. ಸಕ್ರವ್ವ ಎರಡು ದಿನ ಊಟ ಬಿಟ್ಟು ಕೂತಳು. ತಪ್ಪು ಒಪ್ಪಕೊಂಡರ ಹೆಸರು ಹೋಗತೈತಿ, ಒಪ್ಪಲಿಲ್ಲಂದ್ರ ಮಗಳು ಬರೂದಿಲ್ಲ.

ಆಗ ಬಂದಾಕಿ ಮುಬಶೀರಾ. ಎದುರು ಮನಿ ಕಾಸಿಂಬಿಯ ಮೊಮ್ಮಗಳು, ಬಾಗಲಕೋಟ್ಯಾಗ ಪ್ರಾಣಿಶಾಸ್ತ್ರ ಓದತಾಳ. ದೇವರ ಆಟ ನೋಡ್ರಿ, ಆಕಿ ಓದಾಕ ಹತ್ತಿದ್ದು ಇದೇ ಕಾಳಿನ ಹುಳ.

"ಆಯಿ, ಕಾಳಿನ ಹುಳ ಎಲ್ಲಾ ಒಂದ ಅಲ್ಲ," ಅಂದಳು. "ಈ ಕುಲಕ್ಕ ಕ್ಯಾಲೋಸೊಬ್ರೂಕಸ್ ಅಂತಾರ. ಅದು ಇವುಗಳ ಅಡ್ಡಹೆಸರು ಇದ್ದಂಗ. ಅದರೊಳಗ ಭಾಳ ಬಗಿ ಅದಾವ, ಒಂದೊಂದಕ್ಕ ತನ್ನ ತನ್ನ ಹೆಸರು ಬ್ಯಾರೆ."

"ಎಳ್ಳಷ್ಟು ಹುಳಕ್ಕ ಚಕ್ಕಡಿಯಷ್ಟು ಹೆಸರು!"

"ಇನ್ನೂ ಕೇಳ್ರಿ. ಮೊದಲ ಇವುಕ್ಕ ತಮ್ಮದ ಒಂದು ಮನೆತನ ಇತ್ತು. ಆಮ್ಯಾಲೆ ಶಾಣ್ಯಾರು ಕೂಡಿ, ನೀವು ಎಲಿ ತಿನ್ನೂ ಹುಳದ ಮನೆತನದಾವರು, ಅಲ್ಲೇ ಒಂದು ಕೋಲ್ಯಾಗ ಇರ್ರಿ ಅಂತ ಅಲ್ಲಿಗೆ ಸೇರಿಸಿಬಿಟ್ಟರು."

"ಅಯ್ಯ, ಹುಳಕ್ಕೂ ನಮ್ಮ ಗತಿನ ಬಂತಲ್ಲ. ಕೇಳಲಿಲ್ಲ ಹೇಳಲಿಲ್ಲ, ಬ್ಯಾರೆ ಮನಿಗೆ ಕಳಸಿಬಿಟ್ಟರು."

ಮುಬಶೀರಾ ನಕ್ಕಳು. ಆಮ್ಯಾಲೆ ಕೆಲಸದ ಮಾತು ತಗದಳು. "ಕಲಾದಗಿ ಹೆಸರು ಕಾಳಿನ್ಯಾಗಿನ ಹುಳ ಒಂದು ಬಗಿ, ನಿಮ್ಮದು ಇನ್ನೊಂದು ಬಗಿ ಆಗಿದ್ದರ, ಅವು ನಿಮ್ಮ ಮನಿಯಿಂದ ಹೋಗಿಲ್ಲ ಅಂತಾತು. ನಾ ಭೂತಗನ್ನಡಿ ಹಿಡದು ತೋರಸ್ತೇನಿ."

ಸಕ್ರವ್ವ ಸೆಟದು ಕೂತಳು. "ಭೇಷ್! ನಾಳೆ ಹೋಗೂಣು. ಹಿಡದು ನೋಡು ಆಕಿ ಹುಳಾನ!"

"ನಿಮ್ಮವೂ ಬೇಕಲ್ಲ ಆಯಿ, ಹೋಲಿಸಿ ನೋಡಾಕ."

ನಾ ಅಲ್ಲೇ ಮೆಂತೆ ಸೊಪ್ಪು ಬಿಡಸಾಕ ಹತ್ತಿದ್ದೆ, ತಲಿ ಎತ್ತಲಿಲ್ಲ.

"ನಮ್ಮ ಮನ್ಯಾಗ ಹುಳ ಇಲ್ಲ," ಅಂದಳು ಸಕ್ರವ್ವ.

ಒಳಗಿನಿಂದ ಅಮಸಿದ್ದಪ್ಪನ ದನಿ ಬಂತು. "ಖರೆ ಐತಿ ಮಗಳ. ನಮ್ಮ ಮನ್ಯಾಗ ಜೀರಗಿ ತೀರಿ ಯಾವ ಕಾಲ ಆತೋ, ಸಾರಿನ್ಯಾಗ ಮಾತ್ರ ಒಂದಿನ ಜೀರಗಿ ತಪ್ಪಿಲ್ಲ. ಕಣ್ಣು ಮಂಜು ಅಂತ ಹಾಕ್ತಾಳ, ನಾ ತಿಂತೇನಿ."

"ನೀವು ಸುಮ್ಮ ಕುಂಡರ್ರಿ ಅಂದ್ರ!"

ಮರುದಿನ ಮುಂಜಾನೆ ಸಕ್ರವ್ವ ಒಂದು ಔಷಧಿ ಬಾಟ್ಲಿ ತಂದು ಮುಬಶೀರಾನ ಕೈಯಾಗ ಇಟ್ಟಳು. ಬಾಯಿಗೆ ತೆಳು ಅರಿವಿ ಕಟ್ಟಿತ್ತು, ಒಳಗ ಒಂದು ಹಿಡಿ ಅಲಸಂದಿ, ಅದರ ಮ್ಯಾಲ ಕರಿ ಚುಕ್ಕಿಗಳು ಓಡ್ಯಾಡತಿದ್ದವು. "ಕುಬಸಕ್ಕ ಒಯ್ದು ಉಳದ ಗಡಗಿ ಅರಿವಿ ಬಿಚ್ಚಿದೆ. ಕಾಳು ಕಾಣಲಿಲ್ಲ," ಅಂದಳು.

ಸಕ್ರವ್ವ, ಮುಬಶೀರಾ, ನಾನು, ಮೂರೂ ಮಂದಿ ಬಸ್ ಹತ್ತಿದ್ವಿ. ಹುನಗುಂದದಾಗ ಸೀಟು ಸಿಕ್ಕವು, ಅಮೀನಗಡದಾಗ ಸಕ್ರವ್ವ ಇಳದು ಬೀಗರಿಗೆ ಕರದಂಟು ತಂದಳು. ಕರದಂಟು ತೊಡಿ ಮ್ಯಾಲ, ಬಾಟ್ಲಿ ಕಾಲ ಹತ್ರ. ಎರಡೂ ಒಂದ ಚೀಲದಾಗ ಇಡೂಣು ಅಂದ ಮುಬಶೀರಾನ್ನ ಎಂಥಾ ಕಣ್ಣಿಂದ ನೋಡಿದಳು ಅಂದ್ರ, ಆಕಿ ಬಾಗಲಕೋಟಿ ತನಕ ಕಿಡಕ್ಯಾಗ ಮಾರಿ ಹಾಕಿ ಕೂತಳು.

ಕಲಾದಗ್ಯಾಗ ಶೇಖವ್ವ ಪಡಸಾಲ್ಯಾಗ ಜಮಖಾನಿ ಹಾಸಿ, ಓಣಿಯ ನಾಕು ಹೆಣ್ಣಮಕ್ಕಳನ್ನ ಸಾಕ್ಷಿಗೆ ಅಂತ ಕರದು ಕುಂಡ್ರಿಸಿದ್ದಳು. ಎಲ್ಲಾರಿಗೂ ಚಾ ಆಗಿತ್ತು. ಮಹಾನಂದಾ ಒಳಗಿನ ಬಾಗಲಕ್ಕ ಆತು ನಿಂತಿದ್ದಳು. ಹೊಟ್ಟಿ ಆಕಿಗಿಂತ ಮುಂದ ಬಂದಿತ್ತು.

"ಹೇಳ್ರಿ ಬೀಗತಿ, ಈ ಮಂದಿ ಕೇಳಲಿ."

"ಹೇಳ್ತೇನಿ. ಮೊದಲ ನಿಮ್ಮ ಹೆಸರು ತರ್ರಿ."

ಶೇಖವ್ವ ಒಂದು ಬಟ್ಟಲ ಹೆಸರು ತಂದು ಮುಂದಿಟ್ಟಳು. ಮುಬಶೀರಾ ಬಿಳಿ ಹಾಳಿ ಹಾಸಿ, ಅದರಿಂದ ಹುಳ ಹಿಡದು, ಭೂತಗನ್ನಡಿ ಶೇಖವ್ವನ ಕೈಗೇ ಕೊಟ್ಟಳು.

"ತಲಿ ಮುಂದಿನ ಮೀಸಿ ನೋಡ್ರಿ ಆಯಿ. ಹೆಂಗ ಅದಾವ?"

"ಹಣಿಗಿ ಇದ್ದಂಗ. ಉದ್ದುದ್ದ ಹಲ್ಲು."

"ಅದು ಗಂಡು. ಹೆಣ್ಣಿಗೆ ಅಷ್ಟು ಉದ್ದ ಇರೂದಿಲ್ಲ. ಕುತಿಗಿ ಹಿಂದ ಬಿಳಿ ಕೂದಲಿನ ಎರಡು ಉಬ್ಬು ಅದಾವಲ್ಲ, ಅವನ್ನೂ ನೋಡ್ರಿ. ಇದರ ಹೆಸರು ಚೈನೆನ್ಸಿಸ್."

"ಚೈನಾದ್ದು? ನಮ್ಮ ಮನ್ಯಾಗ ಚೈನಾ ಮಾಲ್ ತರೂದ ಇಲ್ಲ!"

ಸಾಕ್ಷಿಗೆ ಕೂತ ಒಬ್ಬಾಕಿ ಸೆರಗು ಬಾಯಿಗೆ ಒತ್ತಿಕೊಂಡಳು.

ಈಗ ಸಕ್ರವ್ವನ ಬಾಟ್ಲಿ ಬಿಚ್ಚೂದು ಬಂತು. ಸಕ್ರವ್ವನ ಕೈ ಒಂದು ಗಳಿಗಿ ಅರಿವಿ ಗಂಟಿನ ಮ್ಯಾಲ ನಿಂತು ಬಿಡ್ತು. ಮಗಳ ಕಡೆ ಒಮ್ಮೆ ನೋಡಿದಳು, ಗಂಟು ಬಿಚ್ಚಿದಳು, ಹಾಳಿ ಮ್ಯಾಲ ಸುರುವಿದಳು. ಬಿದ್ದದ್ದ ತಡ, ಹುಳ ಎಲ್ಲಾ ಕಾಲು ಮಡಚಿ ಅಂಗಾತ ಬಿದ್ದವು.

"ಸತ್ತ ಹುಳ ತಂದೀರಲ್ಲ ಬೀಗತಿ!"

"ಸತ್ತಿಲ್ಲರಿ, ಸೋಗು ಹಾಕ್ತಾವ," ಅಂದಳು ಮುಬಶೀರಾ. "ಯಾರರೆ ಮುಟ್ಟಿದರ ಹಿಂಗ ಬೀಳತಾವ. ಸ್ವಲ್ಪ ತಡೀರಿ."

ಎಲ್ಲಾರೂ ತಡದ್ವಿ. ಒಂದು ಕಾಲು ಅಲ್ಲಾಡಿಸ್ತು, ಇನ್ನೊಂದು ಎದ್ದು ಹೊಂಟಿತು. ಶೇಖವ್ವ ಬಗ್ಗಿ ಬಗ್ಗಿ ನೋಡಿದಳು. ಬೆನ್ನ ಮ್ಯಾಲ ದೊಡ್ಡ ಕರಿ ಮಚ್ಚಿ, ಮೀಸಿ ಸಣ್ಣ ಗರಗಸದಂಗ. ಹಣಿಗಿ ಎಲ್ಲೂ ಇಲ್ಲ.

"ಇದರ ರೆಕ್ಕಿ ಹೊದಿಕಿ ಇಷ್ಟ ಮೋಟ ಯಾಕ? ಹಿಂದಿಂದೆಲ್ಲಾ ಹೊರಗ ಕಾಣತೈತಿ," ಅಂದಳು.

"ನಿಮ್ಮವುಕ್ಕೂ ಹಂಗ ಐತ್ರಿ. ಈ ಪೈಕಿ ಹುಳಕ್ಕೆಲ್ಲಾ ಅಷ್ಟ ಹೊದಿಕಿ. ಹಿಂದಿನ ತೊಡಿ ನೋಡ್ರಿ, ಕೆಳಗ ಒಳಅಂಚಿಗೆ ಒಂದು ಹಲ್ಲು, ಹೊರಅಂಚಿಗೆ ಒಂದು. ಈ ಕುಲದ ಗುರುತು ಅದು."

"ತೊಡ್ಯಾಗ ಹಲ್ಲು!" ಅಂತ ಸಾಕ್ಷಿ ಹೆಣ್ಣಮಕ್ಕಳೆಲ್ಲಾ ಮುಂದ ಸರದರು. ಭೂತಗನ್ನಡಿ ಕೈಯಿಂದ ಕೈಗೆ ಹೋತು. ಒಬ್ಬಾಕಿ ಹೆಸರಿನ ಹುಳ ನೋಡಿ, ಅಲಸಂದಿ ಹುಳ ನೋಡಿ, ತಾನಾಗೇ ಅಂದಳು, "ಕುಲ ಒಂದ ಖರೆ. ಮಂದಿ ಬ್ಯಾರೆ ಬ್ಯಾರೆ."

"ಹೌದ್ರಿ," ಅಂದಳು ಮುಬಶೀರಾ. "ಹೆಸರಿನ್ಯಾಗ ಸಕ್ರವ್ವ ಆಯಿ ಮನಿ ಹುಳ ಒಂದೂ ಸಿಗಲಿಲ್ಲ."

ಶೇಖವ್ವ ಭೂತಗನ್ನಡಿ ಇಸಕೊಂಡು ಕೆಳಗಿಟ್ಟಳು. ಸೋಲೂ ಹೆಣ್ಣಲ್ಲ ಆಕಿ. "ಇರ್ಲಿ. ಹಂಗಾರ ನಿಮ್ಮ ಮನ್ಯಾಗೂ ಹುಳ ಅದಾವ ಅಂತಾತಲ್ಲ, ಬೀಗತಿ?"

ಸಕ್ರವ್ವ ಸೆರಗು ಸರಿ ಮಾಡಿಕೊಂಡಳು. ನಮ್ಮ ಓಣ್ಯಾಗ ತೂತು ಕಾಳು ಬೆಳಕಿಗೆ ಹಿಡದು ನೋಡತಿದ್ದ ಆ ನೋಟ ಇತ್ತಲ್ಲ, ಅದನ್ನ ಈಗ ಬೀಗತಿ ಕಡೆ ಹಿಡದಳು.

"ಅದಾವರಿ. ಅಲಸಂದ್ಯಾಗಿನ ಹುಳ ನಮ್ಮ ಮನೀದು. ನಾಕು ಮಂದಿ ಎದುರಿಗೆ ಹೇಳೀನಿ, ಇನ್ನೊಮ್ಮೆ ಬೇಕಾದರೂ ಹೇಳ್ತೇನಿ. ಈಗ ಸಾಕ್ಷಿ ಮಂದಿ ಕೂತಾರ, ಚಾನೂ ಕುಡದಾರ. ಹೆಸರಿನ್ಯಾಗಿನ ಹುಳ ಯಾರ ಮನೀದು ಅಂತ ನೀವೂ ಒಂದು ಮಾತು ಹೇಳಿಬಿಡ್ರಿ. ಇಲ್ಲಾ, ಹೊತ್ತಾಗೇತಿ, ನನ್ನ ಮಗಳನ್ನ ಕಳಸಿಕೊಡ್ರಿ, ನಾ ಕೇಳೂದ ಇಲ್ಲ."

ನಾಕೂ ಮಂದಿ ಶೇಖವ್ವನ ಮಾರಿ ನೋಡಿದರು. ಶೇಖವ್ವ ಬಟ್ಟಲ ನೋಡಿದಳು. ಬಟ್ಟಲದ ಅಂಚಿಗೆ ಹಣಿಗಿ ಮೀಸಿಯದೊಂದು ಹತ್ತಿ ನಿಂತಿತ್ತು. ಆಕಿ ಅದನ್ನ ಬೆರಳಿಂದ ಒಳಗ ದಬ್ಬಿ, ಬಟ್ಟಲದ ಮ್ಯಾಲ ತಾಟು ಮುಚ್ಚಿದಳು.

"ಮಹಾನಂದಾ," ಅಂತ ಕೂಗಿದಳು, "ಅರಿವಿ ಕಟ್ಟಿಕೋ. ನಿಮ್ಮವ್ವಗ ಬಸ್ಸಿಗೆ ತಡ ಆಗತೈತಿ."

ಮಹಾನಂದಾ ಚೀಲ ಹಿಡಕೊಂಡು ಆಗಲೇ ಹೊಸ್ತಿಲ ದಾಟಿ ನಿಂತಿದ್ದಳು. ಚಪ್ಪಲಿನೂ ಹಾಕಿಕೊಂಡಿದ್ದಳು.

"ಯಾವಾಗ ಕಟ್ಟಿದ್ಯ?" ಅಂದಳು ಶೇಖವ್ವ.

"ನೀವೆಲ್ಲಾ ಹುಳದ ತೊಡಿ ನೋಡಾಕ ಹತ್ತಿದ್ದಿರಲ್ಲರಿ ಅತ್ತಿ, ಆವಾಗ."