ಅನ್ನವ್ವನ ಮನೆಯ ಟ್ಯೂಬ್‌ಲೈಟು

ಮಿಶ್ರಿಕೋಟಿಯ ಕುಬೇರಪ್ಪನಿಗೆ ಆ ದಿನ ಹೊಟ್ಟೆ ಉರಿದಷ್ಟು ಹಿಂದೆಂದೂ ಉರಿದಿರಲಿಲ್ಲ. ಚೊಚ್ಚಲ ಬಸುರಿ, ತಮ್ಮನ ಮಗಳು ಸೌಂದರ್ಯಾಳ ಕುಬಸಕ್ಕೆ ಅವನನ್ನು ಕರೆದಿದ್ದರು, ಊಟಕ್ಕೆ. ಫೋಟೊ ತೆಗೆಯಲು ಕರೆದದ್ದು ಕಲಘಟಗಿಯ ಗೌರೀಶನನ್ನು. ಅದೂ ಹಳೆಯ ಫಿಲ್ಮ್ ರೀಲಿನ ಕ್ಯಾಮೆರಾದಲ್ಲಿ! ರೀಲು ಈಗ ಮತ್ತೆ ಫ್ಯಾಷನ್ ಆಗಿದೆಯಂತೆ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ?

ಇಪ್ಪತ್ತು ವರ್ಷ ಸುತ್ತಲಿನ ಮದುವೆಗಳನ್ನೆಲ್ಲ ರೀಲಿನಲ್ಲಿ ಹಿಡಿದವನು ಕುಬೇರಪ್ಪ. ಮೊದಮೊದಲು ಅವನ ಮದುಮಕ್ಕಳೆಲ್ಲ ಹಸಿರು ಮೋರೆ ಹೊತ್ತು ಬರುತ್ತಿದ್ದರು. ಟ್ಯೂಬ್‌ಲೈಟಿನ ಬೆಳಕು ನಮ್ಮ ಕಣ್ಣಿಗೆ ಬಿಳಿ. ಬಿಸಿಲಿಗೆಂದು ಮಾಡಿದ ರೀಲಿಗೆ ಹಸಿರು. ಬೈಸಿಕೊಂಡು ಬೈಸಿಕೊಂಡೇ ಕಲಿತ. ಬರೀ ಟ್ಯೂಬ್ ಇದ್ದರೆ ಲೆನ್ಸಿಗೆ ಗುಲಾಬಿ ಫಿಲ್ಟರ್ ಸಾಕು. ಕಿಟಕಿಯ ಬಿಸಿಲೂ ಸೇರಿತೋ, ಅದೇ ಫಿಲ್ಟರ್ ಬಿಸಿಲು ಬಿದ್ದ ಕಡೆಗೆಲ್ಲ ಗುಲಾಲು ಎರಚುತ್ತದೆ. ಒಂದೇ ಮುಖದ ಮೇಲೆ ಎರಡು ಬೆಳಕು ಬಿದ್ದರೆ ಲ್ಯಾಬಿನವರಿಗೂ ತಿದ್ದಲು ಬಾರದು. ಆಗ ಫಿಲ್ಟರ್ ತೆಗೆದಿಟ್ಟು ಟ್ಯೂಬಿಗೇ ಗುಲಾಬಿ ಹಾಳೆ ಸುತ್ತಬೇಕು. ಆ ಹಾಳೆ ಎರಡು ಓಣಿ ಆಚೆ ಅವನ ಟ್ರಂಕಿನಲ್ಲೇ ಇತ್ತು.

ಸೌಂದರ್ಯಾ ಹಸಿರು ಸೀರೆಯುಟ್ಟು ಕಿಟಕಿಯ ಬಾಜು ಕೂತಳು. ಮೇಲೆ ಹಳೆಯ ಟ್ಯೂಬ್ ಉರಿಯುತ್ತಿತ್ತು. ಗೌರೀಶ ಸ್ವಿಚ್ಚಿಗೆ ಕೈ ಹಾಕಿದ್ದೇ ತಡ, ಕುಬೇರಪ್ಪನ ತಾಯಿ ಅನ್ನವ್ವ ಗದರಿದಳು.

“ಉಡಿ ತುಂಬೂ ಹೊತ್ತಿನ್ಯಾಗ ದೀಪ ಆರಸ್ತಿಯೇನಲೇ? ಕೈ ತಗಿ!”

ಗೌರೀಶ ಪೆಚ್ಚಾಗಿ, ಒಳಮೂಲೆಯಲ್ಲಿ ಕೂತಿದ್ದ ಕುಬೇರಪ್ಪನ ಹತ್ತಿರ ಬಂದ.

“ಕಾಕಾ, ಕಿಡಕ್ಯಾಗಿಂದ ಬಿಸಲ, ಮ್ಯಾಲ ಟ್ಯೂಬ್. ಈ ಗುಲಾಬಿ ಫಿಲ್ಟರ್ ಹಾಕಿದ್ರ ನಡೀತೈತೇನ್ರಿ? ನೀವ ಹೇಳ್ರಿ.”

ಚೊಚ್ಚಲ ಕುಬಸ ಎರಡನೆಯ ಸಲ ಬರುವುದಿಲ್ಲ. ಅದು ಕುಬೇರಪ್ಪನಿಗೆ ಗೊತ್ತಿಲ್ಲದ್ದೇ? ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಆದರೆ ಫೋಟೊ ಚಂದ ಬಂದರೆ ಹೆಸರು ಗೌರೀಶನಿಗೆ.

“ನಡೀತೈತಿ ತಗೋ. ಹೊಡಿ,” ಎಂದುಬಿಟ್ಟ.

ಹದಿನೈದು ದಿನಕ್ಕೆ ಫೋಟೊಗಳು ಬಂದವು. ಸೌಂದರ್ಯಾಳ ಒಂದು ಕೆನ್ನೆ ಸರಿಯಾಗಿತ್ತು, ಕಿಟಕಿಯ ಕಡೆಯ ಕೆನ್ನೆ ಹೋಳಿಯಾಡಿದ ಹಾಗೆ ಗುಲಾಬಿ. ಆರತಿ ಎತ್ತಿದವರದೂ ಅದೇ ಪಾಡು. ಗೌರೀಶ ತಲೆ ತಗ್ಗಿಸಿ ನಿಂತ. ಸೌಂದರ್ಯಾ ಕಣ್ಣು ಒರೆಸಿಕೊಂಡಳು. ಕುಬೇರಪ್ಪನ ಹೊಟ್ಟೆ ತಣ್ಣಗಾಗಬೇಕಿತ್ತು, ಯಾಕೋ ಆಗಲಿಲ್ಲ.

ಸೌಂದರ್ಯಾ ಒಂದು ಫೋಟೊ ಎತ್ತಿ ಹಿಡಿದಳು.

“ದೊಡ್ಡಪ್ಪಾ, ನಿಮ್ಮದೊಂದ ಬರೋಬ್ಬರಿ ಬಂದೈತಿ ನೋಡ್ರಿ.”

ಒಳಮೂಲೆಗೆ ಬಿಸಿಲು ತಾಗಿರಲಿಲ್ಲ. ಬರೀ ಟ್ಯೂಬಿನ ಬೆಳಕಿಗೆ ಆ ಫಿಲ್ಟರ್ ಸರಿಹೊಂದಿತ್ತು. ಮುಖದ ಬಣ್ಣ, ಬಿಳಿ ಅಂಗಿ ಎಲ್ಲ ಇದ್ದ ಹಾಗೇ ಬಂದಿದ್ದವು. ಮುಂದೆ ತಮ್ಮನ ಮಗಳ ಉಡಿ ತುಂಬುತ್ತಿದ್ದರೂ ಅವನು ಆ ಕಡೆ ನೋಡಿರಲಿಲ್ಲ. ತುಟಿ ಕೊಂಕಿಸಿ, ಕ್ಯಾಮೆರಾ ಹಿಡಿದವನನ್ನೇ ನುಂಗುವ ಹಾಗೆ ನೋಡುತ್ತಿದ್ದ.

ಅನ್ನವ್ವ ಆ ಫೋಟೊವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಮಗನನ್ನು ನೋಡಿದಳು.

“ನಿನಗ ಗೊತ್ತಿತ್ತಲ್ಲೋ, ಕುಬೇರಾ,” ಎಂದಳು.